ಕುಲ ಕೇಳಿದರೆ ಬಸ್ ರೂಟ್ ಹೇಳುವ ಹುಡುಗರು

ಕೀನ್ಯಾದಲ್ಲಿ ಪೂರ್ತಿ ಹೆಸರು ಹೇಳಿದರೆ ಮುಗೀತು, ನೀವು ಯಾವ ಬುಡಕಟ್ಟಿನವರು ಅಂತ ಎದುರಿಗಿದ್ದವರಿಗೆ ಗೊತ್ತಾಗಿಬಿಡುತ್ತದೆ. ಒಟಿಯೆನೊ, ಒಡಿಯಾಂಬೊ ಅಂದರೆ ಲುವೊ. ಕಮಾವು, ವಂಜಿರು ಅಂದರೆ ಕಿಕುಯು. ಹೆಸರು ‘ಕಿಪ್’ ಅಥವಾ ‘ಚೆಪ್’ ಅಂತ ಶುರುವಾದರೆ ಕಲೆಂಜಿನ್. ವಫುಲಾ ಅಂದರೆ ಲುಹ್ಯಾ, ಮುಟುವಾ ಅಂದರೆ ಕಂಬಾ. ಬುಡಕಟ್ಟು ಅಂದ ತಕ್ಷಣ ಕಾಡಿನಲ್ಲಿರುವ ಪುಟ್ಟ ಸಮುದಾಯ ಅಂದುಕೊಳ್ಳಬೇಡಿ. ಇವು ಲಕ್ಷಾಂತರ, ಕೆಲವಂತೂ ಕೋಟಿಯ ಹತ್ತಿರದ ಜನರಿರುವ ಸಮುದಾಯಗಳು. ನಮ್ಮಲ್ಲಿ ಅಡ್ಡಹೆಸರು ಕೇಳಿ ಜಾತಿ ಅಂದಾಜು ಮಾಡುವ ಚಾಳಿ ಇದೆಯಲ್ಲ, ಹೆಚ್ಚುಕಡಿಮೆ ಅದೇ ಕೆಲಸವನ್ನು ಅಲ್ಲಿ ಬುಡಕಟ್ಟು ಮಾಡುತ್ತದೆ. ಮನೆ ಬಾಡಿಗೆಗೆ ಕೇಳುವಾಗ, ಕೆಲಸ ಹುಡುಕುವಾಗ, ಮದುವೆ ಮಾತಾಡುವಾಗ, ಎಲ್ಲಕ್ಕಿಂತ ಜಾಸ್ತಿ ವೋಟು ಹಾಕುವಾಗ.

ಆದರೆ ನೈರೋಬಿಯಲ್ಲಿ ಹುಟ್ಟಿ ಬೆಳೆದ ಇಪ್ಪತ್ತರ ಹುಡುಗ ತನ್ನನ್ನು ಹಾಗೆ ಪರಿಚಯ ಮಾಡಿಕೊಳ್ಳುವುದಿಲ್ಲ. ಬ್ರಯಾನ್ ‘ಬ್ರಾಯೊ’ ಆಗಿರುತ್ತಾನೆ, ಕೆವಿನ್ ‘ಕೆವೊ’ ಆಗಿರುತ್ತಾನೆ, ಅಪ್ಪನ ಹೆಸರು ಬಾಯಿಗೇ ಬರುವುದಿಲ್ಲ. ಎಲ್ಲಿಯವನು ಅಂತ ಕೇಳಿದರೆ ಉಮೋಜಾ, ಕಯೋಲೆ, ಬುರುಬುರು, ರೊಂಗೈ ಅಂತ ಬಡಾವಣೆಯ ಹೆಸರು ಹೇಳುತ್ತಾನೆ. ಅದರ ಜೊತೆಗೆ ಆ ಬಡಾವಣೆಗೆ ಅಂಟಿಕೊಂಡ ಜೋಕು, ಜಂಬ ಎಲ್ಲಾ ಬರುತ್ತವೆ. ಊರಾಚೆಯ ಒಂಗಟಾ ರೊಂಗೈನವರನ್ನು ಎಷ್ಟು ಗೋಳುಹೊಯ್ದುಕೊಳ್ಳುತ್ತಾರೆ ಅಂದರೆ, ಅಲ್ಲಿಗೆ ಹೋಗೋಕೆ ವೀಸಾ ಬೇಕು ಎನ್ನುವ ಮಟ್ಟಕ್ಕೆ. ಆ ದೂರವನ್ನೇ ರೊಂಗೈ ಹುಡುಗರು ಹೆಮ್ಮೆ ಮಾಡಿಕೊಂಡಿದ್ದಾರೆ.

2024ರ ಜೂನ್‌ನಲ್ಲಿ ಇದೇ ಪೀಳಿಗೆ ಬೀದಿಗೆ ಇಳಿದು ಸರ್ಕಾರದ ತೆರಿಗೆ ಮಸೂದೆಯೊಂದನ್ನು ನಿಲ್ಲಿಸಿತು. ನಮಗೆ ನಾಯಕನಿಲ್ಲ, ಪಕ್ಷವಿಲ್ಲ, ಬುಡಕಟ್ಟಿಲ್ಲ ಅನ್ನೋದು ಅವರ ಘೋಷಣೆ. ಹೊರಗಿನ ಪತ್ರಿಕೆಗಳು ಇದನ್ನು ಮೊಬೈಲ್ ಮಾಡಿದ ಪವಾಡ ಅಂತ ಬರೆದವು. ನನಗೆ ಹಾಗೆ ಅನ್ನಿಸುವುದಿಲ್ಲ. ಬುಡಕಟ್ಟು ಮೀರಿದ ‘ನಾವು’ ಅನ್ನೋದು ಒಂದು ವಾರದಲ್ಲಿ ಫೋನಿನಿಂದ ಉದುರಲಿಲ್ಲ. ಅದು ಮೂವತ್ತು ನಲವತ್ತು ವರ್ಷ ಗಲ್ಲಿಯ ಮಾತಿನಲ್ಲಿ, ಬಸ್ಸಿನ ಬಣ್ಣದಲ್ಲಿ, ಮನೆಯಲ್ಲಿ ಬೈಸಿಕೊಂಡ ಹಾಡುಗಳಲ್ಲಿ ತಯಾರಾಗುತ್ತಾ ಬಂದಿತ್ತು.

ಮೊದಲು ಮಾತಿನಿಂದ ಶುರುಮಾಡೋಣ. ನೈರೋಬಿಯ ಪೂರ್ವ ಭಾಗವನ್ನು ಈಸ್ಟ್‌ಲ್ಯಾಂಡ್ಸ್ ಅನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ಆಫ್ರಿಕನ್ ಕೆಲಸಗಾರರಿಗೆ ಅಂತ ಸಾಲುಮನೆ ಕಟ್ಟಿದ್ದು ಇಲ್ಲಿ. ಒಂದು ಮನೆಯಲ್ಲಿ ಲುವೊ, ಪಕ್ಕದಲ್ಲಿ ಕಿಕುಯು, ಎದುರಿಗೆ ಕಂಬಾ. ಅಪ್ಪ ಅಮ್ಮಂದಿರು ಮನೆಯೊಳಗೆ ತಂತಮ್ಮ ಭಾಷೆ ಆಡಿದರು, ಮಕ್ಕಳು ಗಲ್ಲಿಯಲ್ಲಿ ಸ್ವಾಹಿಲಿಯನ್ನು ತಳಕ್ಕಿಟ್ಟು, ಮೇಲೆ ಇಂಗ್ಲಿಷ್, ಕಿಕುಯು, ಲುವೊ ಎಲ್ಲಾ ಸುರಿದು ತಮ್ಮದೇ ಒಂದು ಮಾತು ಮಾಡಿಕೊಂಡರು. ಅದೇ ಶೆಂಗ್. ದೊಡ್ಡವರಿಗೆ ಅರ್ಥ ಆಗಬಾರದು ಅನ್ನೋದೇ ಅದರ ಅರ್ಧ ಮಜಾ. ಹಾಗಾಗಿ ಅದು ನಿಂತಲ್ಲಿ ನಿಲ್ಲುವುದಿಲ್ಲ. ಇಪ್ಪತ್ತು ಶಿಲ್ಲಿಂಗ್‌ಗೆ ‘ಎಂಬಾವೊ’ ಅನ್ನುತ್ತಾರೆ, ನೂರಕ್ಕೆ ‘ಸೋ’, ಸಾವಿರಕ್ಕೆ ‘ಥಾವು’. ಇವೆಲ್ಲ ಊರಿಗೇ ಗೊತ್ತು. ಆದರೆ ಡಂಡೋರಾದ ಹುಡುಗರು ಈ ವರ್ಷ ಬಳಸುವ ಮಾತು ಮುಂದಿನ ಬಡಾವಣೆಗೆ ತಲುಪುವಷ್ಟರಲ್ಲಿ ಅವರು ಅದನ್ನು ಬಿಟ್ಟು ಇನ್ನೊಂದು ಹಿಡಿದಿರುತ್ತಾರೆ.

ಶಾಲೆಯ ಮೇಷ್ಟ್ರುಗಳಿಗೆ ಶೆಂಗ್ ಕಂಡರೆ ಆಗುವುದಿಲ್ಲ. ಪರೀಕ್ಷೆಯಲ್ಲಿ ಸ್ವಾಹಿಲಿ ಅಂಕ ಕಡಿಮೆ ಬಂದಾಗೆಲ್ಲ ಬೈಗುಳ ತಿನ್ನುವುದು ಶೆಂಗೇ. 2010ರ ಸಂವಿಧಾನ ಸ್ವಾಹಿಲಿ ಮತ್ತು ಇಂಗ್ಲಿಷನ್ನು ಅಧಿಕೃತ ಭಾಷೆ ಅಂದಿತು, ಶೆಂಗ್ ಹೆಸರು ಎಲ್ಲೂ ಇಲ್ಲ. ಆದರೂ ಅದು ಎಲ್ಲಾ ಕಡೆ ಇದೆ. ಪೂರ್ತಿ ಶೆಂಗ್‌ನಲ್ಲೇ ಮಾತಾಡುವ ಘೆಟ್ಟೊ ರೇಡಿಯೊ ಇದೆ. 2010ರಲ್ಲಿ ಶುರುವಾದ ‘ಶುಜಾಜ್’ ಎಂಬ ಉಚಿತ ಕಾಮಿಕ್ಸ್ ಪುಸ್ತಕ ಪತ್ರಿಕೆಯ ಜೊತೆ ಮನೆಮನೆಗೆ ಹೋಯಿತು. ಅದಕ್ಕೂ ಮುಂಚೆ, 2003ರಲ್ಲಿ, ಲೇಖಕ ಬಿನ್ಯವಂಗ ವೈನೈನ ಮತ್ತು ಗೆಳೆಯರು ‘ಕ್ವಾನಿ?’ ಎಂಬ ಸಾಹಿತ್ಯ ಪತ್ರಿಕೆ ತಂದು ಶೆಂಗ್‌ಗೂ ಜಾಗ ಕೊಟ್ಟರು. ಇದೂ ಸಾಹಿತ್ಯವೇನ್ರೀ ಅಂತ ಮೂಗು ಮುರಿದವರು ಇದ್ದೇ ಇದ್ದರು. ಈಗ ಬ್ಯಾಂಕು, ಮೊಬೈಲ್ ಕಂಪನಿಗಳ ಜಾಹೀರಾತು ಕೂಡ ಶೆಂಗ್‌ನಲ್ಲಿ ಬರುತ್ತವೆ. ಬೈಯುತ್ತಿದ್ದ ರಾಜಕಾರಣಿಗಳೇ ಚುನಾವಣೆ ಬಂದಾಗ ನಾಲ್ಕು ಪದ ಕಲಿತು ವೇದಿಕೆಯಲ್ಲಿ ಉದುರಿಸುತ್ತಾರೆ. ಹುಡುಗರು ಅದರ ವಿಡಿಯೊ ಮಾಡಿ ನಗುತ್ತಾರೆ.

ಇನ್ನು ಬಸ್ಸು. ಮಟಾಟು ಅಂದರೆ ಖಾಸಗಿ ವ್ಯಾನ್, ಮಿನಿಬಸ್ಸುಗಳು. ನೈರೋಬಿಯ ಬಹುಪಾಲು ಜನ ಓಡಾಡುವುದು ಇವುಗಳಲ್ಲೇ. ಅವುಗಳಲ್ಲಿ ‘ಙಾನ್ಯಾ’ ಅಂತ ಒಂದು ಜಾತಿ ಇದೆ. ಹೊರಗೆ ಮೂಲೆಮೂಲೆಗೂ ಚಿತ್ರ: ಒಂದು ಕಡೆ ರ‍್ಯಾಪರ್, ಇನ್ನೊಂದು ಕಡೆ ಫುಟ್ಬಾಲ್ ಆಟಗಾರ, ಹಿಂಬದಿಯಲ್ಲಿ ಯಾರಿಗೋ ಟಾಂಗ್ ಕೊಡುವ ಒಂದು ಸಾಲು. ಒಳಗೆ ಬಣ್ಣದ ದೀಪ, ಸೀಟಿನ ಮೇಲೆ ಪರದೆಗಳು, ಎದೆಗೂಡು ನಡುಗಿಸುವ ಸ್ಪೀಕರ್. ಬಾಗಿಲಲ್ಲಿ ಒಂದೇ ಕಾಲಿನಲ್ಲಿ ನೇತಾಡುತ್ತಾ ಜನರನ್ನು ಕೂಗುವ ಕಂಡಕ್ಟರ್‌ಗೆ ‘ಮಕಾಂಗಾ’ ಅನ್ನುತ್ತಾರೆ. ಕಾಲೇಜು ಹುಡುಗರು ಮುಂದೆ ಬಂದು ನಿಂತ ಸಾದಾ ಬಸ್ಸು ಬಿಟ್ಟು, ತಮಗೆ ಇಷ್ಟವಾದ ಗಾಡಿಗೆ ಕಾಯುತ್ತಾರೆ. ಹಾಗಾಗಿ ಮಾಲೀಕ ಲಕ್ಷಗಟ್ಟಲೆ ಶಿಲ್ಲಿಂಗ್ ಸುರಿದು ಬಣ್ಣ ಹೊಡೆಸುತ್ತಾನೆ. ಇದು ಶೋಕಿಯೂ ಹೌದು, ಲೆಕ್ಕಾಚಾರವೂ ಹೌದು. ಕಲಾಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಹುಡುಗರಿಗೆ ಮೊದಲ ಸಂಬಳ ಸಿಕ್ಕಿದ್ದು ಈ ಗ್ಯಾರೇಜುಗಳಲ್ಲಿ, ಸ್ಪ್ರೇ ಡಬ್ಬಿ ಹಿಡಿದು. ಹೊಸ ಹಾಡು ಊರಿಗೆ ಹಬ್ಬುವುದೂ ರೇಡಿಯೊಗಿಂತ ಮೊದಲು ಇಲ್ಲಿಂದಲೇ.

ಸರ್ಕಾರ ಇದನ್ನು ಒಮ್ಮೆ ನಿಲ್ಲಿಸಲು ನೋಡಿತ್ತು. 2004ರಲ್ಲಿ ಸಾರಿಗೆ ಸಚಿವರಾಗಿದ್ದ ಜಾನ್ ಮಿಚುಕಿ ಸೀಟ್ ಬೆಲ್ಟ್, ವೇಗ ತಡೆ ಸಾಧನ ಕಡ್ಡಾಯ ಮಾಡಿದರು. ಅದರ ಜೊತೆಗೆ ಗಾಡಿಯ ಮೈಮೇಲೆ ಒಂದು ಹಳದಿ ಪಟ್ಟಿ ಸಾಕು, ಚಿತ್ರಗಿತ್ರ ಬೇಡ ಅಂದರು. ಅಪಘಾತ ತಡೆಯಲು ನಿಯಮ ಬೇಕೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಿತ್ರಕ್ಕೂ ಅಪಘಾತಕ್ಕೂ ಏನು ಸಂಬಂಧ? ಹತ್ತು ವರ್ಷ ಕಳೆದ ಮೇಲೆ ಉಹುರು ಕೆನ್ಯಾಟಾ ಅಧ್ಯಕ್ಷರಾಗಿದ್ದಾಗ, ಇದು ಹುಡುಗರ ಅನ್ನದ ಪ್ರಶ್ನೆ ಅಂತ ಒಪ್ಪಿಕೊಂಡು ಚಿತ್ರಗಳಿಗೆ ಅವಕಾಶ ಕೊಟ್ಟರು. ಅಷ್ಟರಲ್ಲಿ ಆಗಲೇ ಅರ್ಧ ಊರು ನಿಯಮ ಮುರಿದಾಗಿತ್ತು.

ಮಟಾಟುವನ್ನು ಸುಮ್ನೆ ಹಾಡಿ ಹೊಗಳುವುದು ತಪ್ಪಾಗುತ್ತದೆ. ಮಳೆ ಬಂದರೆ ದರ ಏರುತ್ತದೆ. ಪೊಲೀಸರಿಗೆ ದಿನಾ ಮಾಮೂಲಿ ಹೋಗುತ್ತದೆ. 2014ರ ನವೆಂಬರ್‌ನಲ್ಲಿ ನೈರೋಬಿಯ ಬಸ್ ಸ್ಟಾಪ್ ಒಂದರಲ್ಲಿ ಗುಂಪೊಂದು ಉಡುಪಿನ ನೆಪ ತೆಗೆದು ಯುವತಿಯೊಬ್ಬರ ಬಟ್ಟೆ ಕಿತ್ತುಹಾಕಿತು. ನನ್ನ ಉಡುಪು ನನ್ನ ಇಷ್ಟ ಅಂತ ಹೆಂಗಸರು ಬೀದಿಗೆ ಬಂದರು. ಹತ್ತು ವರ್ಷದ ನಂತರ, 2024ರ ಜನವರಿಯಲ್ಲಿ, ಹೆಣ್ಣುಮಕ್ಕಳ ಕೊಲೆಗಳನ್ನು ಖಂಡಿಸಿ ಸಾವಿರಾರು ಜನ ಹಲವು ಊರುಗಳಲ್ಲಿ ಮೆರವಣಿಗೆ ಮಾಡಿದರು. ಅದನ್ನು ಯಾವ ಪಕ್ಷವೂ ಕರೆದಿರಲಿಲ್ಲ, ಯಾವ ಬುಡಕಟ್ಟಿನ ಹಿರಿಯರೂ ಮುಂದೆ ನಿಂತಿರಲಿಲ್ಲ. ಐದು ತಿಂಗಳ ನಂತರದ ಜೂನ್ ಬಗ್ಗೆ ಬರೆಯುವವರು ಈ ಜನವರಿಯನ್ನು ಬಿಟ್ಟೇ ಬಿಡುತ್ತಾರೆ. ಜೂನ್‌ನ ತಾಲೀಮು ಅಲ್ಲೇ ಆಯಿತು ಅನ್ನೋದು ನನ್ನ ಅನಿಸಿಕೆ.

ಬಟ್ಟೆಯ ಕಥೆಯೂ ಹೀಗೇ. ಯುರೋಪು, ಅಮೆರಿಕ, ಚೀನಾದಿಂದ ಹಳೆ ಬಟ್ಟೆ ಮೂಟೆಗಟ್ಟಲೆ ಬರುತ್ತದೆ, ಅದಕ್ಕೆ ‘ಮಿಟುಂಬಾ’ ಅನ್ನುತ್ತಾರೆ. ಗಿಕೊಂಬಾ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಮೂಟೆ ಬಿಚ್ಚುವಾಗ ಸುತ್ತ ಕೈಗಳೇ ಕೈಗಳು. ಮೊದಲ ಆಯ್ಕೆಯ ಒಳ್ಳೆ ಬಟ್ಟೆಗೆ ‘ಕ್ಯಾಮೆರಾ’ ಅಂತ ಹೆಸರು. ಚುರುಕಾದ ಹುಡುಗಿಯರು ಅದನ್ನು ಆರಿಸಿ, ಒಗೆದು, ಇಸ್ತ್ರಿ ಮಾಡಿ, ಫೋಟೊ ತೆಗೆದು ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತಾರೆ. ದುಡ್ಡು ಎಂ-ಪೆಸಾದಲ್ಲಿ ಬರುತ್ತದೆ. ಫೋನಿನಲ್ಲೇ ದುಡ್ಡು ಕಳಿಸುವ ಈ ವ್ಯವಸ್ಥೆ ಅಲ್ಲಿ 2007ರಿಂದಲೇ ಇದೆ, ನಮ್ಮ ಯುಪಿಐ ಬರುವುದಕ್ಕೂ ಒಂಬತ್ತು ವರ್ಷ ಮುಂಚೆ. ನೈರೋಬಿಯ ಫ್ಯಾಷನ್ ನೋಡಿ ಬೆರಗಾಗುವವರು ಆ ಬಟ್ಟೆಯ ಬಹುಪಾಲು ಬೇರೆಯವರು ಉಟ್ಟು ಬಿಟ್ಟಿದ್ದು ಅನ್ನೋದನ್ನು ಮರೆಯುತ್ತಾರೆ. ಕೊಂಡುಕೊಂಡವರಿಗೆ ಅದರಲ್ಲಿ ನಾಚಿಕೆ ಏನೂ ಇಲ್ಲ.

ಇಷ್ಟೆಲ್ಲ ಪ್ರತಿಭೆ ಇದೆ, ಹೊಟ್ಟೆ ತುಂಬುತ್ತಾ? ಇಲ್ಲಿ ಕಥೆ ಕಹಿಯಾಗುತ್ತದೆ. ಕೀನ್ಯಾದ ಜನಸಂಖ್ಯೆಯ ಸುಮಾರು ಮುಕ್ಕಾಲು ಪಾಲು 35ರ ಒಳಗಿನವರು. ದೇಶದ ಶೇ 80ಕ್ಕೂ ಹೆಚ್ಚು ಉದ್ಯೋಗ ‘ಜುವಾ ಕಾಲಿ’ ಅನ್ನುವ ಅಸಂಘಟಿತ ವಲಯದಲ್ಲಿದೆ. ಬಿಸಿಲಲ್ಲಿ ಬಾಗಿಲು ತೆರೆದು ಕೂತ ಗ್ಯಾರೇಜು, ಬೋಡಾ ಬೋಡಾ ಎಂಬ ಬೈಕ್ ಟ್ಯಾಕ್ಸಿ, ತಳ್ಳುಗಾಡಿಯಲ್ಲಿ ಸಾಸೇಜ್ ಸೀಳಿ ಟೊಮ್ಯಾಟೊ ಈರುಳ್ಳಿ ತುಂಬಿ ಕೊಡುವ ‘ಸ್ಮೋಕಿ’ ವ್ಯಾಪಾರ, ಇವೇ ಉದ್ಯೋಗ. ಡಿಗ್ರಿ ಇದ್ದವರೂ ಇದನ್ನೇ ಮಾಡುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬರೆಯಲು ಬಂದವರಲ್ಲಿ ಅನೇಕರು ರಾತ್ರಿ ಕೂತು ಅಮೆರಿಕ, ಬ್ರಿಟನ್ ವಿದ್ಯಾರ್ಥಿಗಳ ಪ್ರಬಂಧ ಬರೆದುಕೊಡುತ್ತಾರೆ. ಅಂಕ ಅವರಿಗೆ, ಇವರಿಗೆ ಪುಟಕ್ಕೆ ಇಷ್ಟು ಅಂತ ಕಾಸು. 2023ರ ಜನವರಿಯಲ್ಲಿ ‘ಟೈಮ್’ ಪತ್ರಿಕೆಯ ತನಿಖೆ ಇನ್ನೊಂದು ಮುಖ ತೋರಿಸಿತು: ಚಾಟ್‌ಜಿಪಿಟಿಯನ್ನು ಹಸನು ಮಾಡಲು ಇಂಟರ್‌ನೆಟ್ಟಿನ ಹೊಲಸು ಬರಹವನ್ನೆಲ್ಲ ಓದಿ ಗುರುತು ಹಾಕಿದವರು ನೈರೋಬಿಯ ಹುಡುಗರು, ಗಂಟೆಗೆ ಎರಡು ಡಾಲರ್‌ಗಿಂತ ಕಡಿಮೆ ಕೂಲಿಗೆ.

ಹಾಡುಗಾರರ ಪಾಡು ಇನ್ನೂ ವಿಚಿತ್ರ. 2018ರ ಹೊತ್ತಿಗೆ ಈಸ್ಟ್‌ಲ್ಯಾಂಡ್ಸ್ ಹುಡುಗರು ‘ಗೆಂಗೆಟೋನ್’ ಎಂಬ ಹೊಸ ಬಗೆಯ ಹಾಡು ಹುಟ್ಟುಹಾಕಿದರು. ಅಗ್ಗದ ಕ್ಯಾಮೆರಾ, ಗಲ್ಲಿಯ ಗೆಳೆಯರೇ ನಟರು, ಪೂರ್ತಿ ಶೆಂಗ್. ಪದಗಳು ಪೋಲಿ, ನಿಜ. ಕೆಲವು ಹಾಡು ಹೆಣ್ಣುಮಕ್ಕಳ ಬಗ್ಗೆ ಕೆಟ್ಟದಾಗಿಯೂ ಇದ್ದವು. ಆಗ ಚಲನಚಿತ್ರ ಮಂಡಳಿಯ ಮುಖ್ಯಸ್ಥರಾಗಿದ್ದ ಇಝೆಕಿಯೆಲ್ ಮುಟುವಾ ದೇಶದ ನೈತಿಕತೆ ಕಾಯುವ ಗುತ್ತಿಗೆ ತಮಗೇ ಸಿಕ್ಕಿದ ಹಾಗೆ ಆಡುತ್ತಿದ್ದರು. ಅದೇ 2018ರಲ್ಲಿ ವನೂರಿ ಕಹಿಯು ಅವರ ‘ರಫೀಕಿ’ ಕಾನ್ ಚಿತ್ರೋತ್ಸವಕ್ಕೆ ಆಯ್ಕೆಯಾದ ಮೊದಲ ಕೀನ್ಯಾ ಚಿತ್ರವಾಯಿತು. ಇಬ್ಬರು ಹುಡುಗಿಯರ ಪ್ರೀತಿಯ ಕಥೆ ಅಂತ ಮಂಡಳಿ ಅದನ್ನು ನಿಷೇಧಿಸಿತು. ಕೋರ್ಟು ಏಳು ದಿನದ ಮಟ್ಟಿಗೆ ನಿಷೇಧ ತಡೆಹಿಡಿದಾಗ ನೈರೋಬಿಯ ಚಿತ್ರಮಂದಿರ ತುಂಬಿಹೋಯಿತು. ತಮಾಷೆ ಏನು ಗೊತ್ತಾ? 2021ರಲ್ಲಿ ಇದೇ ಮುಟುವಾ ಹಾಡುಗಾರರಿಗೆ ರಾಯಲ್ಟಿ ವಸೂಲಿ ಮಾಡಿಕೊಡುವ ಸಂಘದ ಮುಖ್ಯಾಧಿಕಾರಿಯಾದರು. ರಾಯಲ್ಟಿ ಅಂತ ಬರೋದು ಚಿಲ್ಲರೆ ಕಾಸು ಅನ್ನೋದು ಅಲ್ಲಿನ ಕಲಾವಿದರ ಹಳೇ ಗೋಳು. ಅದು ಸಾಲದು ಅಂತ 2023ರ ಹಣಕಾಸು ಕಾಯ್ದೆ ಆನ್‌ಲೈನ್ ವಿಡಿಯೊ, ಬರಹಗಳಿಂದ ಬರುವ ಸಂಪಾದನೆ ಮೇಲೆ ಶೇ 5 ತೆರಿಗೆ ಹಾಕಿತು. ಸರ್ಕಾರ ಮೊದಲು ಕೇಳಿದ್ದು ಶೇ 15.

ಅಧ್ಯಕ್ಷ ವಿಲಿಯಂ ರೂಟೊ 2022ರಲ್ಲಿ ಗೆದ್ದಿದ್ದೇ ‘ನಾನೂ ನಿಮ್ಮ ಹಾಗೆ ಬೀದಿಯಲ್ಲಿ ಕೋಳಿ ಮಾರಿ ಮೇಲೆ ಬಂದವನು’ ಎನ್ನುವ ಧಾಟಿಯಲ್ಲಿ. ಹಸ್ಲರ್‌ಗಳ, ಅಂದರೆ ದಿನದ ಅನ್ನಕ್ಕೆ ಒದ್ದಾಡುವವರ, ಸರ್ಕಾರ ಅಂದರು. ಎರಡು ವರ್ಷವೂ ತುಂಬಿರಲಿಲ್ಲ, ಹಸ್ಲರ್‌ಗಳೇ ಅವರಿಗೆ ಬೈಬಲಿನ ಸುಂಕದವನ ಹೆಸರು ಹುಡುಕಿ ‘ಝಕಾಯೊ’ ಅಂತ ಇಟ್ಟಾಗಿತ್ತು. 2024ರ ಹಣಕಾಸು ಮಸೂದೆ ಬ್ರೆಡ್ಡಿನ ಮೇಲೆ ಶೇ 16 ವ್ಯಾಟ್ ಹಾಕಲು ಹೊರಟಿತ್ತು. ಅಡುಗೆ ಎಣ್ಣೆ, ವಾಹನ, ಸ್ಯಾನಿಟರಿ ಪ್ಯಾಡ್, ಡೈಪರ್ ಎಲ್ಲದಕ್ಕೂ ಹೊಸ ಭಾರ. ಆಮೇಲೆ ಆಗಿದ್ದನ್ನು ನೋಡಿ. ನಮ್ಮಲ್ಲಿ 2020ರಲ್ಲೇ ನಿಂತುಹೋದ ಟಿಕ್‌ಟಾಕ್ ಅಲ್ಲಿ ಮನೆಮಾತು. ಕುಣಿತದ ವಿಡಿಯೊ ಮಾಡುತ್ತಿದ್ದವರು ಮಸೂದೆಯ ಒಂದೊಂದೇ ಕಲಮು ಹಿಡಿದು ವಿವರಿಸತೊಡಗಿದರು. ಕೋಡಿಂಗ್ ಗೊತ್ತಿದ್ದವರು ಮಸೂದೆ ಬಗ್ಗೆ ಕೇಳಿದ್ದಕ್ಕೆ ಉತ್ತರಿಸುವ ಚಾಟ್‌ಬಾಟ್ ಮಾಡಿದರು. ಸಂಸದರ ಫೋನ್ ನಂಬರ್ ಹಂಚಿ, ‘ಒಂದ್ಸಲ ನಮಸ್ಕಾರ ಹೇಳಿ’ ಅಂತ ಬರೆದರು. ಸಂಸದರು ಫೋನ್ ಆಫ್ ಮಾಡಿಕೊಳ್ಳುವಷ್ಟು ನಮಸ್ಕಾರ ಬಂತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ವಿಡಿಯೊಗಳು ಇಂಗ್ಲಿಷ್, ಶೆಂಗ್‌ಗಳಲ್ಲಿ ಮಾತ್ರ ಇರಲಿಲ್ಲ. ಕಿಕುಯು, ಲುವೊ, ಕಲೆಂಜಿನ್ ಹೀಗೆ ತಂತಮ್ಮ ಮನೆಮಾತಿನಲ್ಲೂ ಮಾಡಿದರು, ಹಳ್ಳಿಯಲ್ಲಿರುವ ಅಜ್ಜಿಗೂ ಅರ್ಥವಾಗಲಿ ಅಂತ. ನೈರೋಬಿ ಮಕ್ಕಳಿಗೆ ಆ ಮಾತು ಸರಿಯಾಗಿ ಬರುವುದಿಲ್ಲ. ಡಿಸೆಂಬರ್ ರಜೆಯಲ್ಲಿ ‘ಉಷಾಗೊ’ಗೆ, ಅಂದರೆ ತಾತನ ಊರಿಗೆ, ಹೋದಾಗ ತಡವರಿಸಿ ನಗೆಪಾಟಲಾಗುತ್ತಾರೆ. ಆದರೂ ಹಾಗೇ ತಡವರಿಸುತ್ತಲೇ ವಿವರಿಸಿದರು. ಬುಡಕಟ್ಟಿಲ್ಲ ಅಂದವರು ಬುಡಕಟ್ಟಿನ ಭಾಷೆಯನ್ನು ಬಿಸಾಕಲಿಲ್ಲ. ರಾಜಕಾರಣಿ ಆ ಭಾಷೆಯಲ್ಲಿ ‘ಅವರು ನಮ್ಮ ಅನ್ನ ಕಿತ್ತುಕೊಳ್ಳುತ್ತಾರೆ’ ಅಂತ ಹೇಳುತ್ತಿದ್ದ ಜಾಗದಲ್ಲಿ ಇವರು ಬ್ರೆಡ್ಡಿನ ಬೆಲೆ ಹೇಳಿದರು.

ಸಂಸತ್ತಿನಲ್ಲಿ ಆಡಳಿತ ಪಕ್ಷದ ನಾಯಕ ಕಿಮಾನಿ ಇಚುಂಗ್ವಾ, ಇವರು ಊಬರ್‌ನಲ್ಲಿ ಬಂದು ಪ್ರತಿಭಟಿಸಿ, ಆಮೇಲೆ ಕೆಎಫ್‌ಸಿಯಲ್ಲಿ ತಿನ್ನೋರು ಅಂತ ಹಂಗಿಸಿದರು. ಸರ್ಕಾರಕ್ಕೆ ಈ ಹುಡುಗರು ಅರ್ಥವೇ ಆಗಿಲ್ಲ ಅನ್ನೋದು ಆ ಒಂದು ಮಾತಿನಲ್ಲೇ ಗೊತ್ತಾಯಿತು. ಕರೆದು ಮಾತಾಡಿಸಲು, ಬೇಕಾದರೆ ಕೊಂಡುಕೊಳ್ಳಲು ಅವರಿಗೊಬ್ಬ ನಾಯಕ ಬೇಕಿತ್ತು. ಸಿಗಲಿಲ್ಲ. ವಾಡಗ್ಲಿಜ್ ಎಂಬ ಜೋಡಿಯ ಪಾರ್ಟಿ ಹಾಡೊಂದು ಬೀದಿಯ ಗೀತೆಯಾಯಿತು. ಜೂನ್ 25ರಂದು ಜನ ಸಂಸತ್ತಿನ ಒಳಗೇ ನುಗ್ಗಿದರು, ಪೊಲೀಸರು ಗುಂಡು ಹಾರಿಸಿದರು. ಮಾರನೇ ದಿನ ರೂಟೊ ಮಸೂದೆಗೆ ಸಹಿ ಹಾಕುವುದಿಲ್ಲ ಅಂದರು. ಆ ಪ್ರತಿಭಟನೆಗಳಲ್ಲಿ ಸತ್ತವರು 60ಕ್ಕೂ ಹೆಚ್ಚು ಅಂತ ಅಲ್ಲಿನ ರಾಷ್ಟ್ರೀಯ ಮಾನವ ಹಕ್ಕು ಆಯೋಗ ಲೆಕ್ಕ ಕೊಟ್ಟಿದೆ.

ಆಮೇಲೆ ಸರ್ಕಾರ ಹೆದರಿದ್ದು ಯಾರಿಗೆ ಅಂತ ನೋಡಿದರೆ ವಿಷಯ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 2024ರ ಕೊನೆಯಲ್ಲಿ, ಅಧ್ಯಕ್ಷರನ್ನು ಗೇಲಿ ಮಾಡುವ ನೆರಳುಚಿತ್ರ ಬರೆಯುತ್ತಿದ್ದ ಒಬ್ಬ ಯುವ ಕಾರ್ಟೂನಿಸ್ಟ್ ಕಾಣೆಯಾದ, ಜನವರಿಯಲ್ಲಿ ವಾಪಸ್ ಬಂದ. ಹೀಗೆ ಕಾಣೆಯಾದವರ ಪಟ್ಟಿ ದೊಡ್ಡದಿತ್ತು. 2025ರ ಮೇ ಕೊನೆಯಲ್ಲಿ, ಆ ವರ್ಷದ ಹಣಕಾಸು ಮಸೂದೆಗೆ ಆಕ್ಷೇಪಣೆಯನ್ನು ಸಂಸತ್ತಿಗೆ ಇಮೇಲ್ ಮಾಡಲು ಒಂದು ವೆಬ್‌ಸೈಟ್ ಮಾಡಿದ ತಪ್ಪಿಗೆ ಯುವತಿಯೊಬ್ಬರನ್ನು ಬಂಧಿಸಿದರು. ಕೇಸು ಕೋರ್ಟಿನಲ್ಲಿ ನಿಲ್ಲಲಿಲ್ಲ. ನನಗೆ ಎಲ್ಲಕ್ಕಿಂತ ತಲೆಯಲ್ಲಿ ಉಳಿದದ್ದು ಶಾಲಾ ಹುಡುಗಿಯರ ಪ್ರಸಂಗ. ಬುಟೆರೆ ಗರ್ಲ್ಸ್ ಎಂಬ ಪ್ರೌಢಶಾಲೆಯ ಮಕ್ಕಳು ಮಾಜಿ ಸೆನೆಟರ್ ಕ್ಲಿಯೊಫಾಸ್ ಮಲಾಲಾ ಬರೆದ ನಾಟಕವನ್ನು ಅಂತರಶಾಲಾ ಸ್ಪರ್ಧೆಗೆ ಕಲಿತಿದ್ದರು. ಅದರಲ್ಲಿ ಆಳುವವರನ್ನು ಪ್ರಶ್ನಿಸುವ ಯುವಜನರ ಕಥೆ ಇತ್ತು. ಸ್ಪರ್ಧೆಯಿಂದ ಕೈಬಿಟ್ಟರು, ಕೋರ್ಟು ಆಡಿಸಲೇಬೇಕು ಅಂದಿತು. 2025ರ ಏಪ್ರಿಲ್ 10ರಂದು ನಕುರುವಿನಲ್ಲಿ ಬೆಳಗ್ಗೆ ಹುಡುಗಿಯರು ಬಂದರೆ ಮೈಕಿಲ್ಲ, ಪ್ರೇಕ್ಷಕರಿಲ್ಲ, ತರಬೇತಿ ಕೊಟ್ಟ ಮಲಾಲಾ ಪೊಲೀಸರ ವಶದಲ್ಲಿದ್ದರು. ಹೊರಗೆ ನಾಟಕ ನೋಡಲು ನೆರೆದವರ ಮೇಲೆ ಅಶ್ರುವಾಯು. ಹುಡುಗಿಯರು ರಾಷ್ಟ್ರಗೀತೆ ಹಾಡಿ, ನಾಟಕ ಆಡದೆ ಹೊರಟುಹೋದರು. ಒಂದು ಶಾಲಾ ನಾಟಕಕ್ಕೆ ಇಷ್ಟು ಪೊಲೀಸರು ಬೇಕಾದರು. ಸುಮ್ಮನೆ ಆಡಿಸಿದ್ದರೆ ಅದು ನಕುರುವಿನ ಆಚೆ ಯಾರಿಗೆ ಗೊತ್ತಾಗುತ್ತಿತ್ತು?

ಹಾಗಾದರೆ ಬುಡಕಟ್ಟು ಕರಗಿಹೋಯಿತಾ? ಖಂಡಿತ ಇಲ್ಲ. 2007ರ ಚುನಾವಣೆ ಮುಗಿದ ಮೇಲಿನ ಗಲಭೆಯಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಕಳೆದುಕೊಂಡರು. ಆಗ ಮಕ್ಕಳಾಗಿದ್ದವರೇ ಈಗಿನ ಯುವಕರು. ನೆನಪು ಮನೆಯೊಳಗೇ ಇದೆ. 2024ರ ಪ್ರತಿಭಟನೆ ತಣ್ಣಗಾಗುತ್ತಿದ್ದ ಹಾಗೆ ರೂಟೊ ತಮ್ಮ ಹಳೇ ಎದುರಾಳಿ ರೈಲಾ ಒಡಿಂಗಾ ಅವರ ಕಡೆಯವರನ್ನು ಸಂಪುಟಕ್ಕೆ ಸೇರಿಸಿಕೊಂಡರು. ಅಂದರೆ ಲುವೊ ಮತಗಳ ಲೆಕ್ಕ. ಅಕ್ಟೋಬರ್‌ನಲ್ಲಿ ಉಪಾಧ್ಯಕ್ಷ ರಿಗಾಥಿ ಗಚಾಗುವಾ ಅವರನ್ನು ಮಹಾಭಿಯೋಗದಲ್ಲಿ ಇಳಿಸಿದರು. ಅವರು ನೇರ ಕಿಕುಯು ನೆಲಕ್ಕೆ ಹೋಗಿ ತಮ್ಮ ಜನರನ್ನು ಕಟ್ಟತೊಡಗಿದರು. ಮೇಲಿನ ಆಟ ಹಳೆಯದೇ.

ಕಾಗದಪತ್ರದಲ್ಲಂತೂ ಬುಡಕಟ್ಟು ಗಟ್ಟಿಯಾಗಿ ಕೂತಿದೆ. ಸೊಮಾಲಿ ಮೂಲದ ಹುಡುಗರು ಅದೇ ದೇಶದಲ್ಲಿ ಹುಟ್ಟಿದ್ದರೂ, ಗುರುತಿನ ಚೀಟಿಗೆ ಬೇರೆಯವರಿಗಿಲ್ಲದ ವಿಚಾರಣೆ ಎದುರಿಸಬೇಕಿತ್ತು. ಅದನ್ನು ತೆಗೆಯುವ ಆದೇಶ ಬಂದದ್ದು 2025ರ ಫೆಬ್ರುವರಿಯಲ್ಲಿ. ತಲೆಮಾರುಗಳಿಂದ ಅಲ್ಲಿರುವ ಭಾರತೀಯ ಮೂಲದವರನ್ನು 2017ರಲ್ಲಿ ನೀವೂ ನಮ್ಮವರೇ ಅಂತ ಅಧಿಕೃತವಾಗಿ ಒಪ್ಪಿಕೊಂಡರು. ಹೇಗೆ ಅಂದರೆ, ದೇಶದ 44ನೇ ಬುಡಕಟ್ಟು ಅಂತ! ಇವರ ಚಪಾತಿ ಮಾತ್ರ ಅದಕ್ಕೂ ಎಷ್ಟೋ ಮುಂಚೆ ‘ಚಾಪೊ’ ಅಂತ ಎಲ್ಲರ ತಟ್ಟೆ ಸೇರಿತ್ತು.

ಮುಂದಿನ ಚುನಾವಣೆ 2027ರ ಆಗಸ್ಟ್ 10ಕ್ಕೆ. ರೂಟೊ ಅವರಿಗೆ ಒಂದೇ ಅವಧಿ ಸಾಕು ಎನ್ನುವ ‘ವಾಂಟಾಮ್’ ಘೋಷಣೆ ಮದುವೆ ಮನೆ, ಸಾವಿನ ಮನೆ, ಚರ್ಚು ಎಲ್ಲಾ ಕಡೆ ಕೇಳುತ್ತಿದೆ. ಎರಡನೇ ಅವಧಿ ಬೇಕೆನ್ನುವವರು ‘ಟುಟಾಮ್’ ಅಂತ ಉತ್ತರ ಕೊಡುತ್ತಿದ್ದಾರೆ. ಆದರೆ ಕೂಗು ಬೇರೆ, ಲೆಕ್ಕ ಬೇರೆ. 2022ರಲ್ಲಿ ನೋಂದಾಯಿತ ಮತದಾರರು ಸುಮಾರು 2.2 ಕೋಟಿ. ಅದರಲ್ಲಿ 18ರಿಂದ 35ರವರು ಶೇ 40ರಷ್ಟು, 2017ಕ್ಕಿಂತ ಕಡಿಮೆ. ಅದೂ ಅಲ್ಲದೆ ಅಧ್ಯಕ್ಷರಾಗಲು ಅರ್ಧಕ್ಕಿಂತ ಹೆಚ್ಚು ಮತ ಬಂದರೆ ಸಾಲದು, ನಮ್ಮ ಜಿಲ್ಲೆಗಳಂಥ 47 ಕೌಂಟಿಗಳಲ್ಲಿ ಕನಿಷ್ಠ 24ರಲ್ಲಿ ತಲಾ ಶೇ 25 ಮತ ಬೇಕು. ಒಂದು ಬುಡಕಟ್ಟು ಇಡೀ ದೇಶ ಹಿಡಿಯಬಾರದು ಅಂತ ಮಾಡಿದ ನಿಯಮ ಇದು. ಪರಿಣಾಮವಾಗಿ ರಾಜಕಾರಣಿಗಳು ನಾಲ್ಕು ಬುಡಕಟ್ಟು ಜೋಡಿಸುವ ದಲ್ಲಾಳಿಗಳಾದರು. ಈ ಹುಡುಗರಿಗೂ ಅದೇ ನಿಯಮ ಅಡ್ಡ ನಿಲ್ಲುತ್ತದೆ. ನೈರೋಬಿ ಒಂದೇ ಕೌಂಟಿ. ಅಲ್ಲಿ ಎಷ್ಟೇ ದೊಡ್ಡ ಅಲೆ ಎದ್ದರೂ ಅದು 47ರಲ್ಲಿ ಒಂದು.

ಹಾಗಾಗಿ ನೋಡಬೇಕಾದ್ದು ಶೆಂಗ್ ಅಷ್ಟಾಗಿ ನಡೆಯದ ಸಣ್ಣ ಊರುಗಳನ್ನು. 2024ರ ಜೂನ್‌ನಲ್ಲಿ ಕಲೆಂಜಿನ್ ಸೀಮೆಯ ನಡುವೆ ಇರುವ, ರೂಟೊ ಅವರ ಕೋಟೆ ಎನ್ನಿಸಿಕೊಂಡಿದ್ದ ಎಲ್ಡೊರೆಟ್‌ನಲ್ಲೂ ಯುವಕರು ಸಾವಿರಗಟ್ಟಲೆ ಬೀದಿಗೆ ಬಂದಿದ್ದರು. ಅವರ ಹೆಸರುಗಳೂ ‘ಕಿಪ್’, ‘ಚೆಪ್’ ಅಂತಲೇ ಶುರುವಾಗುವಂಥವು. ಅವರು ಆಗ ವಿರೋಧಿಸಿದ್ದು ತೆರಿಗೆಯನ್ನು ಮಾತ್ರವಾ, ತಮ್ಮವನೇ ಆದ ಅಧ್ಯಕ್ಷನನ್ನೂ ಹೌದಾ ಅನ್ನೋದು ಮತಪೆಟ್ಟಿಗೆಯ ಮುಂದೆಯೇ ಗೊತ್ತಾಗಬೇಕು.